ಕಣ್ಣು ಮುಚ್ಚದ ಫೋಟೊ: ಒಂದು ಮಗು, ಒಂದು ಮನೆಯ ಸಂಜೆ ಪ್ರಾರ್ಥನೆ

ನಾಲ್ಕೂವರೆ ವರ್ಷದ ಹುಡುಗಿ. ಸಂಜೆ ಏಳೂವರೆ ಆದರೆ ಸಾಕು, ಮಂಚದ ಕೆಳಗೆ ಹೋಗಿ ಕೂತುಬಿಡುತ್ತಿದ್ದಳು. ಆ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಶುರುವಾಗುವುದು ಎಂಟಕ್ಕೆ. ಅದಕ್ಕೆ ಅರ್ಧ ಗಂಟೆ ಮೊದಲೇ ಹೊಟ್ಟೆ ನೋವು, ಕಾಲು ನೋವು, ಆಮೇಲೆ ಅಳು. ಡಾಕ್ಟರಿಗೆ ತೋರಿಸಿದರು. ಹೊಟ್ಟೆಯಲ್ಲಿ ಏನೂ ತೊಂದರೆ ಇರಲಿಲ್ಲ.

ನಾನು ಅವರ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಡೇ ಸ್ಕೂಲ್ ಟೀಚರ್. ಚಿಕ್ಕ ಮಕ್ಕಳ ಕ್ಲಾಸು ನನ್ನದು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹುಡುಗಿಯ ತಾಯಿ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತು, "ಟೀಚರ್, ಒಂದ್ ಮಾತ್ ಕೇಳೂದಿತ್ರಿ" ಅಂದರು. ಅಲ್ಲಿಂದ ಸುಮಾರು ನಾಲ್ಕು ತಿಂಗಳು ನಾನು ಈ ಮನೆಗೆ ಹೋಗಿ ಬಂದು ಮಾಡಿದೆ. ಬರೆಯಲು ಅವರು ಒಪ್ಪಿದ್ದಾರೆ. ಹೆಸರು, ಊರು, ಕೆಲಸದ ಜಾಗ ಬಿಟ್ಟಿದ್ದೇನೆ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯೋಣ. ಮನೆ ಹುಬ್ಬಳ್ಳಿ-ಧಾರವಾಡದ ಕಡೆಯದು ಅಂದರೆ ಸಾಕು.

ಮನೆಯಲ್ಲಿ ನಾಲ್ಕು ಜನ. ತಾಯಿ ಆಸ್ಪತ್ರೆಯಲ್ಲಿ ನರ್ಸು, ತಿಂಗಳಲ್ಲಿ ಒಂದು ವಾರ ನೈಟ್ ಡ್ಯೂಟಿ. ತಂದೆ ಖಾಸಗಿ ಕಂಪನಿಯಲ್ಲಿ ಲೆಕ್ಕ ನೋಡುವ ಕೆಲಸ, ಮನೆ ಸೇರುವಾಗ ಏಳೂಮುಕ್ಕಾಲು. ಇನ್ನು ತಂದೆಯ ತಾಯಿ. ಪುಟ್ಟಿ ಅವರನ್ನು ಕರೆಯುವುದು ಆಯಿ ಅಂತ, ನಾನೂ ಹಾಗೇ ಬರೆಯುತ್ತೇನೆ. ಆಯಿ ರಿಟೈರ್ಡ್ ಶಾಲಾ ಮಾಸ್ತರಿಣಿ. ಗಂಡ ತೀರಿಕೊಂಡು ಆರು ವರ್ಷ ಆಗಿತ್ತು.

ಈ ಕಡೆ ಹಳೇ ಕ್ರೈಸ್ತ ಮನೆಗಳಲ್ಲಿ ಸಂಜೆ ಪ್ರಾರ್ಥನೆ ಎಷ್ಟು ಗಟ್ಟಿ ರೂಢಿ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಹಾಡು, ಮನೆಮಂದಿಯೆಲ್ಲ ಸುತ್ತ ಕೂತು ಸತ್ಯವೇದ (ಬೈಬಲ್) ಓದುವುದು, ಇವೆಲ್ಲ ಆಗಿನಿಂದ ತಲೆಮಾರು ತಲೆಮಾರಾಗಿ ಬಂದದ್ದು. ಆಯಿಯ ಮನೆತನ ಅದರಲ್ಲೇ ಬೆಳೆದದ್ದು. ಚಾಪೆ ಹಾಸಬೇಕು. ಒಂದು ಹಾಡು, ಐದೂ ಚರಣ. ಒಂದು ಅಧ್ಯಾಯ, ಪೂರ್ತಿ. ಆಮೇಲೆ ಒಬ್ಬೊಬ್ಬರೂ ಬಾಯಿಬಿಟ್ಟು ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಊಟ ಇದೆಲ್ಲ ಆದ ಮೇಲೇ. ಜ್ವರ ಬಂದರೂ, ಕರೆಂಟ್ ಹೋದರೂ ತಪ್ಪಿಸಿದ್ದಿಲ್ಲ. ಗಂಡ ತೀರಿಕೊಂಡ ದಿನ ಸಂಜೆಯೂ ಆಯಿ ಚಾಪೆ ಹಾಸಿದ್ದರಂತೆ. ಇದನ್ನು ನಾನು ಮೆಚ್ಚಿ ಹೇಳುತ್ತಿದ್ದೇನೆ. ಮುಂದೆ ಓದುವಾಗ ಯಾರಾದರೂ ಆಯಿಯನ್ನು ಖಳನಾಯಕಿ ಮಾಡಿಕೊಂಡರೆ ಈ ಪ್ರಕರಣ ಅರ್ಥವೇ ಆಗುವುದಿಲ್ಲ.

ಮೂರು ವರ್ಷದ ತನಕ ಪುಟ್ಟಿ ಆಯಿಯ ತೊಡೆ ಮೇಲೆ ಮಲಗಿ ಹಾಡು ಕೇಳುತ್ತಾ ನಿದ್ದೆ ಹೋಗುತ್ತಿದ್ದಳು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಎಲ್‌ಕೆಜಿ ಸೇರಿದ ಮೇಲೆ ಮನೆಯವರ ನಿರೀಕ್ಷೆ ಬದಲಾಯಿತು. ಈಗ ದೊಡ್ಡವಳು, ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಣ್ಣು ಮುಚ್ಚಬೇಕು, ಕೈ ಜೋಡಿಸಬೇಕು. ಹುಡುಗಿ ಕೂರಲಿಲ್ಲ. ಚಾಪೆಯ ಕಡ್ಡಿ ಕಿತ್ತಳು, ಅಪ್ಪನ ಕಿವಿ ಎಳೆದಳು, "ಆಮೆನ್" ಅಂತ ಮಧ್ಯದಲ್ಲೇ ಕೂಗಿದಳು. ಕ್ರಿಸ್ಮಸ್ ಕಳೆದ ಮೇಲೆ ಆಯಿ ಒಂದು ಮಾತು ಹಿಡಿದರು. "ಕಣ್ಣ ತಗದೀ ನೋಡು, ಯೇಸಪ್ಪ ನೋಡಾಕತ್ತಾನ."

ಈ ಮಾತು ಕೆಲಸ ಮಾಡಿತು. ಹುಡುಗಿ ತಟ್ಟನೆ ಕಣ್ಣು ಮುಚ್ಚಿದಳು. ಕೆಲಸ ಮಾಡಿದ್ದಕ್ಕೇ ಅದು ಎಲ್ಲ ಕಡೆಗೂ ಹಬ್ಬಿತು. ಹಾಲು ಬಿಟ್ಟರೆ ಯೇಸಪ್ಪ ನೋಡುತ್ತಾನೆ, ಸುಳ್ಳು ಹೇಳಿದರೆ ನೋಡುತ್ತಾನೆ, ಬಟ್ಟೆ ಮಡಚದಿದ್ದರೆ ನೋಡುತ್ತಾನೆ. ತಂದೆಯೂ ಹೇಳಿದರು, ತಾಯಿಯೂ ಒಂದೆರಡು ಸಲ ಹೇಳಿದ್ದಾರಂತೆ. ಅವಸರದಲ್ಲಿ ಬಾಯಿಗೆ ಬರುವ ಮಾತು ಅದು, ಅಲ್ವಾ. ಹಾಲ್‌ನ ಗೋಡೆ ಮೇಲೆ, ಸೋಫಾದ ಹಿಂದೆ, ಯೇಸು ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ದೊಡ್ಡ ಫೋಟೊ ಇತ್ತು. ಕಣ್ಣು ನೇರ ಎದುರಿಗೆ. ಹೀಗೆ ಎದುರಿಗೆ ನೋಡುವಂತೆ ಬರೆದ ಯಾವ ಚಿತ್ರವಾದರೂ ಅಷ್ಟೇ, ನೀವು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಕಣ್ಣು ನಿಮ್ಮ ಕಡೆಗೇ ಇದ್ದಂತೆ ಕಾಣುತ್ತದೆ. ದೊಡ್ಡವರಿಗೆ ಅದು ಲಕ್ಷ್ಯಕ್ಕೂ ಬರುವುದಿಲ್ಲ.

ನನ್ನ ಹತ್ತಿರ ಬರುವ ಮೊದಲೇ ಮನೆಯವರು ಮೂರು ಉಪಾಯ ಮಾಡಿ ನೋಡಿದ್ದರು.

ಮೊದಲನೆಯದು ಸ್ಟಾರ್ ಸ್ಟಿಕ್ಕರ್. ಪ್ರಾರ್ಥನೆಯಲ್ಲಿ ಸುಮ್ನೆ ಕೂತರೆ ಕ್ಯಾಲೆಂಡರ್ ಮೇಲೆ ಒಂದು ಸ್ಟಾರು, ಐದು ಸ್ಟಾರಿಗೆ ಒಂದು ಚಾಕ್ಲೇಟು. ಒಂಬತ್ತು ದಿನ ಚೆನ್ನಾಗಿ ನಡೆಯಿತು. ಹತ್ತನೇ ದಿನ ಹುಡುಗಿ ಚಾಪೆ ಮೇಲೆ ಕೂರುವ ಮೊದಲೇ ಇವತ್ತಿನ ಪ್ರಾರ್ಥನೆಗೆ ಎರಡು ಚಾಕ್ಲೇಟು ಬೇಕು ಅಂದಳು. ಆಯಿ ಅವತ್ತೇ ಕ್ಯಾಲೆಂಡರ್ ಹಾಳೆ ಕಿತ್ತು ಹಾಕಿದರು. ನನ್ನ ಪ್ರಕಾರ ಅವರು ಸರಿಯಾಗೇ ಮಾಡಿದರು. ಹಲ್ಲುಜ್ಜಲು ಸ್ಟಿಕ್ಕರ್ ಕೊಡಬಹುದು. ಪ್ರಾರ್ಥನೆಗೆ ಕೂಲಿ ಕೊಡಲು ಶುರು ಮಾಡಿದರೆ ಮಗುವಿಗೆ ಅದೂ ಒಂದು ಕೆಲಸವೇ ಆಗುತ್ತದೆ.

ಎರಡನೆಯದು ಮೊಬೈಲು. ಬೈಬಲ್ ಕಥೆಯ ಕಾರ್ಟೂನ್ ಹಾಕಿ ಕೂರಿಸಿದರು. ಕೂತಳು, ಆದರೆ ಮೊಬೈಲ್ ತೆಗೆದುಕೊಳ್ಳುವಾಗ ಮನೆಯೇ ಹಾರಿಹೋಗುವಂಥ ರಂಪ. ನಾಲ್ಕೇ ದಿನಕ್ಕೆ ನಿಂತಿತು.

ಮೂರನೆಯದು ಅವಳನ್ನು ಹೊರಗಿಡುವುದು. "ಬ್ಯಾಡಂದ್ರ ಬ್ಯಾಡ, ಒಳಗ ಆಡ್ಕೋತ ಇರು" ಅಂತ ತಂದೆ ಬಾಗಿಲು ಎಳೆದುಕೊಂಡರು. ಅವತ್ತು ದೊಡ್ಡವರು ಹಾಡುತ್ತಿದ್ದಾಗ ಬೆಡ್‌ರೂಮಿನಿಂದಲೂ ಅದೇ ಹಾಡು ಕೇಳಿಸಿತಂತೆ. ಮಾತು ತಪ್ಪುತಪ್ಪು, ರಾಗ ಸರಿ. ತಾಯಿ ಇದನ್ನು ಹೇಳುವಾಗ ಗಂಟಲು ಕಟ್ಟಿತು. ಹುಡುಗಿಗೆ ಪ್ರಾರ್ಥನೆ ಬೇಡವಾಗಿರಲಿಲ್ಲ ಅನ್ನುವುದಕ್ಕೆ ಅದೊಂದೇ ಗುರುತು ಸಾಕಿತ್ತು. ಆಗ ಅದನ್ನು ಯಾರೂ ಹಾಗೆ ನೋಡಲಿಲ್ಲ. ಮರುದಿನ ಮತ್ತೆ ಚಾಪೆಗೆ ಕರೆದರು, ಮತ್ತೆ ಅದೇ ಜಗಳ.

ಆಮೇಲೆ ಬಂದದ್ದು ಲೆಂಟ್‌ನ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ, ಒಂದು ವಾರ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದೂ ಈ ಐದಾರು ದಿನದಲ್ಲೇ.

ಆಯಿ ಸತ್ಯವೇದದ ಕೀರ್ತನೆಗಳನ್ನು ಅನುಕ್ರಮವಾಗಿ ಓದುತ್ತಿದ್ದರು, ದಿನಕ್ಕೊಂದು. ಸೋಮವಾರ 117ನೇ ಕೀರ್ತನೆ ಬಂತು. ಇಡೀ ಸತ್ಯವೇದದಲ್ಲೇ ಚಿಕ್ಕ ಅಧ್ಯಾಯ ಅದು, ಎರಡೇ ವಚನ. ಓದಿ ಮುಗಿಸಿದಾಗ ಪುಟ್ಟಿ ಕಣ್ಣರಳಿಸಿ, "ಆತಾ? ಇಷ್ಟ?" ಅಂತ ಚಪ್ಪಾಳೆ ಹೊಡೆದಳು. ಎಲ್ಲರೂ ನಕ್ಕರು. ತಿಂಗಳುಗಟ್ಟಲೆ ಆದ ಮೇಲೆ ಮೊದಲ ಸಲ ಚಾಪೆ ಮೇಲೆ ನಗು. ಮಂಗಳವಾರ 118, 29 ವಚನ, ಹೇಗೋ ಆಯಿತು. ಬುಧವಾರ 119.

ಸತ್ಯವೇದ ಓದುವವರಿಗೆ ಗೊತ್ತು. 119 ಎಲ್ಲಕ್ಕಿಂತ ದೊಡ್ಡ ಅಧ್ಯಾಯ, 176 ವಚನ. ದಿನಕ್ಕೊಂದು ಅಂದ ಮೇಲೆ ಒಂದು, ಆಯಿ ಅದನ್ನು ಪೂರ್ತಿ ಓದಲು ಕೂತರು. ಅರ್ಧ ಗಂಟೆ ಹತ್ತಿರ. ನೂರು ವಚನದ ಆಸುಪಾಸು ಹುಡುಗಿ ಅಪ್ಪನ ಕಾಲ ಮೇಲೆ ಉರುಳಾಡಿ ಒದ್ದಳು, ಪಕ್ಕದಲ್ಲಿದ್ದ ನೀರಿನ ಲೋಟ ಉರುಳಿ ಆಯಿಯ ಪುಸ್ತಕದ ಹಾಳೆ ಒದ್ದೆಯಾಯಿತು. ಅದು ಆಯಿಯ ಮದುವೆಯ ಸತ್ಯವೇದ. ತಂದೆ ಬೆನ್ನ ಮೇಲೆ ಒಂದು ಏಟು ಹಾಕಿದರು. ಆಯಿ ಓದುವುದನ್ನು ನಿಲ್ಲಿಸಲಿಲ್ಲ. ಹುಡುಗಿ ಬಿಕ್ಕುತ್ತಾ ಕೂತಿದ್ದಂತೆಯೇ ಉಳಿದ ಎಪ್ಪತ್ತು ಚಿಲ್ಲರೆ ವಚನ ಮುಗಿದವು.

ಗುರುವಾರ ಚಿಕ್ಕದು. ಶುಕ್ರವಾರ 121. ಕಾಯುವ ದೇವರು ತೂಕಡಿಸುವುದಿಲ್ಲ, ನಿದ್ದೆ ಮಾಡುವುದಿಲ್ಲ ಅನ್ನುವ ಮಾತು ಬರುವುದು ಅದರಲ್ಲೇ. ಆಯಿಗೆ ಪ್ರಾಣದಂಥ ಕೀರ್ತನೆ. ಗಂಡ ಆಸ್ಪತ್ರೆಯಲ್ಲಿದ್ದ ಹನ್ನೊಂದು ರಾತ್ರಿ ಬೆಂಚಿನ ಮೇಲೆ ಕೂತು ಅದನ್ನೇ ಬಾಯಿಪಾಠ ಹೇಳಿಕೊಂಡಿದ್ದರಂತೆ.

ಶನಿವಾರ ಮಧ್ಯಾಹ್ನ ಆಯಿ ಎದ್ದು ಹಾಲ್‌ಗೆ ಬಂದರೆ ಫೋಟೊದ ಮೇಲೆ ಕರ್ಚೀಫು. ಅವರದೇ ಕರ್ಚೀಫು, ಅಂಚಿಗೆ ಬಿಳಿ ಲೇಸಿನದು, ಚರ್ಚಿಗೆ ಅಂತ ಇಸ್ತ್ರಿ ಮಾಡಿ ಇಟ್ಟದ್ದು. ಸೋಫಾದ ಬೆನ್ನ ಮೇಲೆ ಹತ್ತಿ ನಿಂತು, ಎರಡು ಮೂಲೆಯನ್ನು ಫ್ರೇಮು ಮತ್ತು ಗೋಡೆಯ ನಡುವೆ ತುರುಕಿದ್ದಳು. ಕಣ್ಣು ಮಾತ್ರ ಮುಚ್ಚಿತ್ತು. ಕೆಳಗೆ ಗಡ್ಡವೂ ಕುರಿಮರಿಯ ಕಾಲುಗಳೂ ಕಾಣುತ್ತಿದ್ದವು.

"ಯಾರ ಮಾಡಿದ್ದಿದು?"

"ನಾನ. ಯೇಸಪ್ಪ ಒಂದೀಟು ಮಲಗ್ಲಿ ಬಿಡು ಆಯಿ."

ಅವತ್ತು ರಾತ್ರಿ ತಾಯಿಯ ಪಕ್ಕ ಮಲಗಿ ಕೇಳಿದ್ದು ಇನ್ನೂ ಬೇರೆ. "ಮಮ್ಮಿ, ಯೇಸಪ್ಪ ಕಣ್ಣ ಮುಚ್ಚಂಗೇ ಇಲ್ಲೇನು? ನಾ ಬಾತ್‌ರೂಮಿಗೆ ಹೋದಾಗೂ ನೋಡ್ತಾನೇನು?" ತಾಯಿ ನನ್ನ ಹತ್ತಿರ ಬಂದದ್ದು ಮರುದಿನ.

ಈ ವಯಸ್ಸಿನ ಮಕ್ಕಳು ಮಾತನ್ನು ಇದ್ದದ್ದು ಇದ್ದಂತೆ ತೆಗೆದುಕೊಳ್ಳುತ್ತಾರೆ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಪಿಯಾಜೆ ಎರಡರಿಂದ ಏಳು ವರ್ಷದ ತನಕದ ಮಕ್ಕಳ ಬಗ್ಗೆ ವಿವರವಾಗಿ ಹೇಳಿರುವುದೂ ಇಂಥದ್ದನ್ನೇ. ಆಯಿ "ನೋಡುತ್ತಾನೆ" ಅಂದಾಗ ಅವರ ಮನಸ್ಸಿನಲ್ಲಿ ಪ್ರೀತಿ, ಕಾವಲು, ಭಯಭಕ್ತಿ ಎಲ್ಲ ಕಲಸಿತ್ತು. ಪುಟ್ಟಿಯ ಮನಸ್ಸಿನಲ್ಲಿ ಎರಡು ಕಣ್ಣು, ಅಷ್ಟೇ. ಏಟು ಬಿದ್ದದ್ದು ಆ ಕಣ್ಣಿನ ಎದುರಿಗೇ, ಶುಕ್ರವಾರ ಗೊತ್ತಾಯಿತು ಆ ಕಣ್ಣು ರಾತ್ರಿಯೂ ಮುಚ್ಚುವುದಿಲ್ಲ ಅಂತ.

ನಾನು ಹೋದ ಮೊದಲ ಸಂಜೆ ಏನೂ ಹೇಳಲಿಲ್ಲ, ಸುಮ್ನೆ ಚಾಪೆ ಮೇಲೆ ಕೂತೆ. ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ವಿಷಯ. ಅಡುಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು, ಡಬ್ಬಿಯಲ್ಲಿ ರೊಟ್ಟಿ, ಹುಡುಗಿ ಹಾಡುವಾಗ ಪ್ರಾರ್ಥಿಸುವಾಗ ಇಡೀ ಹೊತ್ತು ಆ ಕಡೆಗೇ ಕತ್ತು ತಿರುಗಿಸಿ ಕೂತಿದ್ದಳು. ಶಾಲೆಯ ವ್ಯಾನು ಬೆಳಿಗ್ಗೆ ಬೇಗ ಬರುತ್ತದೆ, ಆರೂಕಾಲಿಗೆ ಏಳಬೇಕು. ಮಧ್ಯಾಹ್ನದ ನಿದ್ದೆ ಶಾಲೆ ಸೇರಿದಾಗಲೇ ತಪ್ಪಿದೆ. ಸಂಜೆ ಐದಕ್ಕೆ ಹಾಲು ಬಿಸ್ಕೆಟ್, ಆಮೇಲೆ ಊಟ ಒಂಬತ್ತರ ಹತ್ತಿರ, ಮಲಗುವಾಗ ಹತ್ತು. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಇವಳಿಗೆ ಸಿಗುತ್ತಿದ್ದದ್ದು ಎಂಟೂಕಾಲು. ದೇವರ ಭಯ ಇಲ್ಲ ಅಂತ ದೊಡ್ಡವರು ಅಂದುಕೊಂಡದ್ದರಲ್ಲಿ ಅರ್ಧ ಹಸಿವೆ, ಅರ್ಧ ನಿದ್ದೆ.

"ಮೊದಲು ಮಗುವಿಗೆ ಉಣಿಸಿ" ಅಂದೆ. ತಾಯಿ ತಲೆಯಾಡಿಸಿದರು. ಆಯಿ ಒಪ್ಪಲಿಲ್ಲ. "ದೇವರ ಮುಂದ ಕೂಡೂಕ್ಕಿಂತ ಮೊದ್ಲ ಉಣ್ಣೂದ್ರೀ? ನಮ್ಮ ಮನ್ಯಾಗ ಯಾವತ್ತೂ ಆಗಿಲ್ಲ." ನಾನು ವಾದಿಸಲಿಲ್ಲ. ಸಭಾಪಾಲಕರ (ಪಾಸ್ಟರ್) ಕಿವಿಗೆ ಹಾಕಿದೆ. ಅವರು ಮನೆಗೆ ಬಂದು ಆಯಿಯ ಹತ್ತಿರ ಯೋಹಾನ 21ನೇ ಅಧ್ಯಾಯ ತೆಗೆಸಿದರು. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರಿಗೆ ಯೇಸು ದಂಡೆಯ ಮೇಲೆ ಕೆಂಡ ಮಾಡಿ ಮೀನು, ರೊಟ್ಟಿ ಇಟ್ಟಿರುತ್ತಾನೆ. ಶಿಷ್ಯ ಪೇತ್ರನನ್ನು "ನನ್ನ ಮೇಲೆ ಪ್ರೀತಿ ಇದೆಯಾ" ಅಂತ ಕೇಳುವುದು ಊಟ ಆದ ಮೇಲೆ. ಪಾಸ್ಟರ್ ಬೇರೇನೂ ಹೇಳಲಿಲ್ಲ. ಆಯಿ ಆ ಅಧ್ಯಾಯವನ್ನು ನೂರು ಸಲ ಓದಿದವರು, ಊಟದ ಮಾತು ಮೊದಲು ಬರುತ್ತದೆ ಅಂತ ಅವತ್ತೇ ಗಮನಿಸಿದ್ದಂತೆ. ಮರುದಿನದಿಂದ ಪುಟ್ಟಿಗೆ ಏಳಕ್ಕೆ ಊಟ.

ಎರಡನೇ ಬದಲಾವಣೆ ಹೊತ್ತಿನದು. ಒಂದು ಚರಣ, ನಾಲ್ಕೈದು ವಚನ, ಒಬ್ಬರ ಪ್ರಾರ್ಥನೆ. ಹತ್ತು ನಿಮಿಷ ದಾಟಬಾರದು. ಪೂರ್ತಿ ಅಧ್ಯಾಯ ಆಯಿ ಮಗುವನ್ನು ಮಲಗಿಸಿದ ಮೇಲೆ ತಾವೊಬ್ಬರೇ ಓದಬಹುದು. ಇದಕ್ಕೆ ಆಯಿ ಒಪ್ಪಿದ್ದು ನನಗೆ ಆಶ್ಚರ್ಯ. ಆಮೇಲೆ ಅವರೇ ಹೇಳಿದರು, ಒಬ್ಬರೇ ಓದುವಾಗ ಗಂಡನ ಜೊತೆ ಓದಿದ ಹಾಗೆ ಅನಿಸುತ್ತದೆ ಅಂತ. ಇನ್ನು ಪುಟ್ಟಿಗೆ ಒಂದು ಕೆಲಸ. ಚಾಪೆ ಹಾಸುವುದು, ಸತ್ಯವೇದ ಎರಡೂ ಕೈಯಲ್ಲಿ ತಂದು ಆಯಿಯ ಮುಂದೆ ಇಡುವುದು. ನೀರು ಚೆಲ್ಲಿ ಉಬ್ಬಿದ ಆ ಹಾಳೆಗಳನ್ನು ಅವಳು ದಿನಾ ಬೆರಳಿನಿಂದ ಸವರಿ ನೋಡುತ್ತಿದ್ದಳು.

ಹದಿನೈದು ದಿನದಲ್ಲಿ ಹೊಟ್ಟೆ ನೋವು ನಿಂತಿತು. ಕರ್ಚೀಫು ಮಾತ್ರ ಫೋಟೊದ ಮೇಲೆಯೇ ಇತ್ತು.

ಅದನ್ನು ಏನು ಮಾಡುವುದು ಅನ್ನುವುದೇ ದೊಡ್ಡ ಜಗಳವಾಯಿತು. ತಂದೆಗೆ ಅದನ್ನು ಕಿತ್ತು ತೆಗೆಯಬೇಕು. ಬಂದುಹೋಗುವವರು ಏನಂದಾರು, ದೇವರಿಗೆ ಅವಮಾನ ಅಂತ. ನಾನು ಬೇಡ ಅಂದೆ. ನಾವು ತೆಗೆದರೆ ಮಗು ಹೇಳಿದ್ದು ಸುಳ್ಳು ಅಂದಂತೆ ಆಗುತ್ತದೆ, ಹೆದರಿಕೆ ಒಳಗೇ ಉಳಿಯುತ್ತದೆ. ತೆಗೆಯುವುದಾದರೆ ಅವಳೇ ತೆಗೆಯಲಿ. ಪಾಸ್ಟರ್ ನನ್ನ ಕಡೆ ನಿಂತರು. ಈಸ್ಟರ್‌ಗೆ ನೆಂಟರು ಬಂದಾಗಲೂ ಅದು ಅಲ್ಲೇ ಇತ್ತು. ಹುಡುಗಿಯ ದೊಡ್ಡಪ್ಪ ಊಟದ ಹೊತ್ತಿಗೆ ನೇರ ಅಂದರಂತೆ, "ಬೆತ್ತ ಉಳಿಸಿದ್ರ ಮಕ್ಕಳು ಹಿಂಗ ಆಗ್ತಾವ." ಬೆತ್ತದ ಮಾತು ಬರುವ, ಸತ್ಯವೇದದ ಜ್ಞಾನೋಕ್ತಿಯ 13ನೇ ಅಧ್ಯಾಯ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ. ಬುಧವಾರ ಹೊಡೆದ ತಂದೆಯೇ ಆಗ ಸುಮ್ನೆ ಇದ್ದರು, ಅಣ್ಣನಿಗೆ ಹೂಂ ಅನ್ನಲಿಲ್ಲ. ಶಾಲೆಯಲ್ಲಿ ಮಗುವಿನ ಮೇಲೆ ಕೈ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯ ಚಾಪೆಗೆ ಅಂಥ ಕಾಯ್ದೆ ಬರುವುದಿಲ್ಲ, ಅಲ್ಲಿ ಕೈ ತಡೆಯಬೇಕಾದದ್ದು ತಂದೆಯೇ. ಅವರು ತಡೆದರು.

ಹೆದರಿಕೆ ಬಿಡಿಸಲು ನಾನು ಒಂದು ಉಪಾಯ ಮಾಡಿದೆ. ಸುಗ್ಗಿ ಮುಗಿದು ಬಯಲಾದ ಹೊಲಗಳಲ್ಲಿ ಈ ಕಡೆ ಕುರಿ ನಿಲ್ಲಿಸುತ್ತಾರೆ. ಹಿಕ್ಕಿ ಗೊಬ್ಬರಕ್ಕೆ ಅಂತ ರೈತರೇ ಕುರುಬರನ್ನು ಕರೆಯುತ್ತಾರೆ. ನಮ್ಮ ಸತ್ಯವೇದದಲ್ಲಿ 23ನೇ ಕೀರ್ತನೆಯ ದೇವರು ಕುರುಬ. ಫೋಟೊದಲ್ಲಿಯೂ ಕುರುಬನೇ. ನಿಜವಾದ ಕುರುಬರನ್ನು ತೋರಿಸಿದರೆ ಆ ಕಣ್ಣು ಯಾಕೆ ತೆರೆದಿರುತ್ತದೆ ಅಂತ ಅವಳಿಗೆ ತಿಳಿಯುತ್ತದೆ ಅಂದುಕೊಂಡೆ. ಒಂದು ಸಂಜೆ ಅವಳನ್ನೂ ತಂದೆಯನ್ನೂ ಕರೆದುಕೊಂಡು ಹೋದೆ. ಬಲೆ ಕಟ್ಟಿ ಒಳಗೆ ಮರಿಗಳು, ಸುತ್ತ ನಾಯಿ, ಕಂಬಳಿ ಹೊದ್ದ ಹಿರಿಯರೊಬ್ಬರು. ರಾತ್ರಿ ಮಲಗುವುದಿಲ್ಲವಾ ಅಂತ ಕೇಳಿದೆ. "ಪಾಳಿ ಮ್ಯಾಲ ಎಚ್ಚರ ಇರ್ತೇವ್ರಿ. ತ್ವಾಳ ಬರ್ತಾವು" ಅಂದರು.

ಹುಡುಗಿಯ ತಲೆಯಲ್ಲಿ ಉಳಿದದ್ದು ತೋಳ. ಮೂರು ರಾತ್ರಿ ಕಿಟಕಿ ಹಾಕಿದ್ದೀರಾ ಅಂತ ಕೇಳಿದಳು. ನನ್ನ ಉಪಾಯ ತಪ್ಪಾಯಿತು. ನಮಗೆ ಚೆಂದ ಕಾಣುವ ಹೋಲಿಕೆ ಮಗುವಿಗೆ ಬೇಕಾದದ್ದೇ ಆಗಿರಬೇಕು ಅಂತೇನಿಲ್ಲ, ಅದರಲ್ಲೂ ಅವಳ ಬದುಕಿನಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದಾಗ.

ಕೆಲಸ ಮಾಡಿದ್ದು ಯಾರೂ ಯೋಜನೆ ಮಾಡದ ಮಾತು. ತಾಯಿಯ ನೈಟ್ ಡ್ಯೂಟಿಯ ವಾರ. ಹೊರಡುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದರು. ಪುಟ್ಟಿ ಹಾಸಿಗೆ ಮೇಲೆ.

"ಮಮ್ಮಿ, ನೀ ಅಲ್ಲೆ ಮಲಗ್ತೀಯೇನು?"

"ಇಲ್ಲ. ಎಚ್ಚರ ಇರ್ತೀನಿ."

"ಯಾಕ?"

"ಆರಾಮಿಲ್ಲದವ್ರು ಮಲಗಿರ್ತಾರಲಾ. ಕರದ್ರ ಹೋಗ್ಬೇಕು."

"ಬೈತೀಯೇನು ಅವ್ರಿಗೆ?"

"ಯಾಕ ಬೈಲಿ? ನೀರ ಕೊಡ್ತೀನಿ. ಚಾದರ ಸರಿ ಮಾಡ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಯೇಸಪ್ಪಂದೂ ನೈಟ್ ಡ್ಯೂಟಿ ಏನು?"

ತಾಯಿ ಹೂಂ ಅಂದರು, ಬಸ್ಸಿಗೆ ಹೊತ್ತಾಗಿತ್ತು, ಹೋದರು. ಆಯಿ ಬಾಗಿಲ ಹತ್ತಿರ ಹಾಲಿನ ಲೋಟ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ನನಗೆ ಇದನ್ನು ಹೇಳಿದ್ದು ಆಯಿಯೇ, ನಾಲ್ಕು ದಿನ ಬಿಟ್ಟು. ಅವರು ಬೆಂಚಿನ ಮೇಲೆ ಕಳೆದ ಹನ್ನೊಂದು ರಾತ್ರಿ ಇದೇ ಮಾತನ್ನು ಹಿಡಿದುಕೊಂಡೇ ಬದುಕಿದ್ದು. ಎಚ್ಚರ ಇರುವವನು ಒಬ್ಬನಿದ್ದಾನೆ, ಹಾಗಾಗಿ ನಾನು ಸ್ವಲ್ಪ ಕಣ್ಣು ಮುಚ್ಚಬಹುದು ಅಂತ. "ನನಗ ಹಾಸಿಗಿ ಆದ ಮಾತು ಕೂಸಿಗೆ ಪೊಲೀಸ್ ಆತಲ್ರಿ ಟೀಚರ್" ಅಂದರು. "ನಾ ಹೆದರಸ್ಬೇಕಂತ ಹೇಳ್ಲಿಲ್ಲ. ನಮ್ಮವ್ವ ನಮಗ ಹಂಗ ಹೇಳ್ತಿದ್ಲು."

ಇಷ್ಟಾದರೂ ಮಗುವಿನ ಮುಂದೆ ಬಾಯಿಬಿಟ್ಟು ಹೇಳುವುದು ಅವರಿಗೆ ಸುಲಭವಾಗಲಿಲ್ಲ. ನಾಲ್ಕು ವರ್ಷದ ಕೂಸಿನ ಹತ್ತಿರ ಎಪ್ಪತ್ತು ದಾಟಿದವರು ತಪ್ಪಾಯಿತು ಅನ್ನುವುದು ನಮ್ಮಲ್ಲಿ ಎಲ್ಲಿದೆ? ತಾಯಿ ಎಷ್ಟು ಸಲ "ಯೇಸಪ್ಪ ಬೈಯಂಗಿಲ್ಲ" ಅಂದರೂ ಪುಟ್ಟಿ, "ಆಯಿ ಹೇಳ್ಯಾಳ" ಅನ್ನುತ್ತಿದ್ದಳು. ಆ ಮನೆಯಲ್ಲಿ ದೇವರ ವಿಷಯಕ್ಕೆ ಆಯಿಯ ಮಾತೇ ಕೊನೆ ಮಾತು. ಹಾಕಿದ ಗಂಟನ್ನು ಬೇರೆಯವರು ಬಿಚ್ಚಲು ಆಗುತ್ತಿರಲಿಲ್ಲ. ನಾನು ಅವರಿಗೆ ಇದನ್ನೇ ಹೇಳಿದೆ. ಮೂರು ವಾರ ತೆಗೆದುಕೊಂಡರು.

ಒಂದು ಶನಿವಾರ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಮೊರದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದರು. ನಾನೂ ಇದ್ದೆ. ಆಯಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಪುಟ್ಟಿ, ಆಯಿ ನಿನಗ ತಪ್ಪ ಹೇಳಿದ್ಲು. ಯೇಸಪ್ಪ ಬೈಲಿಕ್ಕಂತ ನೋಡಂಗಿಲ್ಲ."

"ಹಂಗಾರ ಯಾಕ ಹೇಳಿದಿ?"

"ನನಗ ತಿಳೀಲಿಲ್ಲವಾ."

"ಮತ್ತ ಯಾಕ ನೋಡ್ತಾನ?"

ಆಯಿ ನನ್ನ ಕಡೆ ನೋಡಿದರು. ನಾನು ಮಾತಾಡಲಿಲ್ಲ. "ನೀ ಮಲಗಿದಾಗ ನಾ ಬಂದು ನೋಡ್ತೀನಲಾ, ಚಾದರ ಸರದೈತೇನಂತ. ಹಂಗ" ಅಂದರು. ಹುಡುಗಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. ತಾನು ಮಲಗಿದಾಗ ಆಯಿ ಬರುತ್ತಾಳೆ ಅಂತ ಅವಳಿಗೆ ಗೊತ್ತೇ ಇರಲಿಲ್ಲವಂತೆ. ಅದರ ಬಗ್ಗೆಯೇ ಜಾಸ್ತಿ ಪ್ರಶ್ನೆ ಕೇಳಿದಳು. ದಿನಾ ಬರ್ತೀಯೇನು, ಲೈಟ್ ಹಾಕ್ತೀಯೇನು, ನಾ ಏನ್ ಮಾಡ್ತಿರ್ತೀನಿ ಅಂತ. ಅವತ್ತು ರಾತ್ರಿ ತಂದೆಯೂ, ಅವ್ವನಿಂದ ಧೈರ್ಯ ಬಂದಿತ್ತೋ ಏನೋ, ಬೆನ್ನ ಮೇಲೆ ಹೊಡೆದದ್ದಕ್ಕೆ ಸಾರಿ ಕೇಳಿದರು. ಅವಳಿಗೆ ಅದು ಚೆನ್ನಾಗಿ ನೆನಪಿತ್ತು. "ನೀರ ಚೆಲ್ಲಿದಾಗ" ಅಂದಳು.

ಈ ಪ್ರಕರಣ ಎಲ್ಲಿ ತಿರುಗಿತು ಅಂತ ಕೇಳಿದರೆ ನಾನು ಶೇಂಗಾದ ಮೊರವನ್ನೇ ತೋರಿಸುತ್ತೇನೆ. ಊಟ, ನಿದ್ದೆ, ಹತ್ತು ನಿಮಿಷ, ಇವು ಅಳು ನಿಲ್ಲಿಸಿದವು, ಅವಿಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಯಾವ ಮನೆಯವರಾದರೂ ಮೊದಲು ಅದನ್ನೇ ನೋಡಿ ಅನ್ನುತ್ತೇನೆ. ಮಗುವಿನ ನಂಬಿಕೆಯನ್ನು ಅಳೆಯುವ ಮೊದಲು ಗಡಿಯಾರ ನೋಡಿ, ತಟ್ಟೆ ನೋಡಿ. ಹೆದರಿಕೆ ಮಾತ್ರ ಬೇರೆ ವಿಷಯ. ಅದು ಮಾತಿನಿಂದ ಬಂದದ್ದು, ಹೇಳಿದವರ ಬಾಯಿಂದಲೇ ಹೋಗಬೇಕಿತ್ತು. ತಾಯಿಯೋ ಟೀಚರೋ ಪಾಸ್ಟರೋ ಎಷ್ಟು ಒಳ್ಳೆಯ ವಿವರಣೆ ಕೊಟ್ಟರೂ ಆಯಿಯ ಒಂದು ವಾಕ್ಯಕ್ಕೆ ಸಮ ಆಗಲಿಲ್ಲ. ಶಿಸ್ತಿಗಾಗಿ ದೇವರ ಹೆಸರು ಎಳೆದು ತರುವುದು ನಮ್ಮೆಲ್ಲರ ಮನೆಯಲ್ಲೂ ಇದೆ, ನನ್ನ ಮಕ್ಕಳಿಗೆ ನಾನೂ ಹೇಳಿದ್ದೇನೆ. ಹಾಲು ಕುಡಿಯದಿದ್ದರೆ ಅಮ್ಮನಿಗೆ ಬೇಜಾರು ಅನ್ನಿ, ಸಾಕು. ಅದು ನಿಜವೂ ಹೌದು.

ಎಲ್ಲ ಸರಿಹೋಗಿದೆ ಅಂತೇನಿಲ್ಲ. ಭಾನುವಾರ ಎರಡು ಗಂಟೆ ಹೊತ್ತು ನಡೆಯುವ ಆರಾಧನೆಯಲ್ಲಿ ಪುಟ್ಟಿ ಈಗಲೂ ಕೂರುವುದಿಲ್ಲ, ಪ್ರಸಂಗ ಶುರುವಾದರೆ ತಂದೆ ಅವಳನ್ನು ಹೊರಗೆ ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗುತ್ತಾರೆ. ದೊಡ್ಡಪ್ಪನವರ ಜೊತೆ ಮಾತು ಇನ್ನೂ ಬಿಗಿಯಾಗಿದೆ. ಕೆಲವು ಸಂಜೆ "ಇವತ್ತ ನಾ ಪ್ರಾರ್ಥನಿ ಮಾಡಂಗಿಲ್ಲ" ಅನ್ನುತ್ತಾಳೆ, ಮಾಡುವುದಿಲ್ಲ, ಬಿಡುತ್ತಾರೆ. ಮಾಡಿದ ದಿನ ಅವಳ ಪ್ರಾರ್ಥನೆ ಬಲು ಚಿಕ್ಕದು. ವ್ಯಾನಿನ ಅಂಕಲ್‌ಗೆ, ಪಕ್ಕದ ಮನೆಯ ಬೆಕ್ಕಿಗೆ, ಮಮ್ಮಿಯ ಆಸ್ಪತ್ರೆಯಲ್ಲಿ ಮಲಗಿದವರಿಗೆ.

ಕರ್ಚೀಫು ಜೂನ್‌ನಲ್ಲಿ ಇಳಿಯಿತು. ಯಾರೂ ಹೇಳಲಿಲ್ಲ. ಗೊಂಬೆಗೆ ಚಾದರ ಬೇಕಾಗಿತ್ತಂತೆ, ಸೋಫಾ ಹತ್ತಿ ಎಳೆದುಕೊಂಡಳು. ಆಯಿ ಅದನ್ನು ವಾಪಸ್ ಕೇಳಲಿಲ್ಲ, ಚರ್ಚಿಗೆ ಬೇರೆ ಕರ್ಚೀಫು ಹಿಡಿದು ಬಂದರು.

ಮೊನ್ನೆ ಅವರ ಮನೆಗೆ ಹೋದಾಗ ಆಯಿ ಕೀರ್ತನೆಗಳನ್ನು ಮತ್ತೆ ಮೊದಲಿಂದ ಓದುತ್ತಾ 119ಕ್ಕೆ ಬಂದಿದ್ದರು. ಆ ಕೀರ್ತನೆಯಲ್ಲಿ ಎಂಟೆಂಟು ವಚನದ 22 ಭಾಗ ಇವೆ, ಹೀಬ್ರೂ ಅಕ್ಷರಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು. ಆಯಿ ಈ ಸಲ ದಿನಕ್ಕೆ ಒಂದೇ ಭಾಗ ಓದುತ್ತಿದ್ದರು. ಪುಟ್ಟಿ ಆಯಿಯ ಮೊಣಕಾಲಿಗೆ ಒರಗಿ ಒಂದೊಂದು ವಚನಕ್ಕೆ ಒಂದೊಂದು ಬೆರಳು ಮಡಚುತ್ತಿದ್ದಳು. ಎಂಟನೇ ಬೆರಳು ಮಡಚಿ, "ಆತು ಆಯಿ" ಅಂದಳು. ಆಯಿ ಪುಸ್ತಕ ಮುಚ್ಚಿದರು.